ಕರೆಂಟ್ ಹೋಗಿ ಬಂದ ಮೇಲೆ ಲ್ಯಾಪ್‌ಟಾಪ್ ಚಾರ್ಜ್ ಆಗ್ತಿಲ್ಲ, ಬ್ಯಾಟರಿ ಬದಲಿಸಲಾ ಹೊಸ ಲ್ಯಾಪ್‌ಟಾಪೇ ತಗೊಳ್ಳಲಾ?

ಎರಡೂ ಬೇಡ. ಸದ್ಯಕ್ಕೆ ಪರ್ಸನ್ನು ಮುಚ್ಚಿಡಿ.

ಸೋಮವಾರಪೇಟೆ ಕಡೆಯವರು, ಗಾಳಿಮಳೆಗೆ ಕರೆಂಟ್ ಹೋಗಿ ಬಂದ ಮೇಲೆ ‘ಪ್ಲಗ್ಡ್ ಇನ್, ನಾಟ್ ಚಾರ್ಜಿಂಗ್’ ಅಂತ ತೋರಿಸ್ತಿದೆ ಎಂದು ಬರೆದಿದ್ದೀರಿ. ಜೊತೆಗೆ ಒಂದು ಮಾತು ಸೇರಿಸಿದ್ದೀರಿ: ‘ಚಾರ್ಜರ್ ಸರಿ ಇದೆ, ಯಾಕಂದ್ರೆ ಅದನ್ನು ಹಾಕಿದ್ರೆ ಲ್ಯಾಪ್‌ಟಾಪ್ ಆನ್ ಆಗುತ್ತೆ.’ ಈ ಉತ್ತರ ಬರೆಯೋಕೆ ಕೂತಿದ್ದೇ ಆ ಮಾತಿಗಾಗಿ. ಅದೇ ಮಾತನ್ನು ನಂಬಿಕೊಂಡು ನಾನು ಒಂದು ಇಡೀ ಮಳೆಗಾಲ ಒದ್ದಾಡಿದ್ದೇನೆ.

ನಮ್ಮ ಮನೆ ಕೊಡಗಿನ ನಾಪೋಕ್ಲು ಹತ್ತಿರ, ತೋಟದ ಒಳಗೆ. ಹೋಮ್‌ಸ್ಟೇಗಳದ್ದು, ಒಂದಿಷ್ಟು ಅಂಗಡಿಗಳದ್ದು ಲೆಕ್ಕಪತ್ರ ಬರೆದು ಜಿಎಸ್‌ಟಿ ರಿಟರ್ನ್ ಹಾಕಿಕೊಡುವುದು ನನ್ನ ಕೆಲಸ. ಜುಲೈ ತಿಂಗಳಲ್ಲಿ ನಮ್ಮಲ್ಲಿ ಕರೆಂಟಿನ ಕಥೆ ನಿಮಗೆ ಹೇಳಬೇಕಾಗಿಲ್ಲ. ಎಲ್ಲೋ ಒಂದು ಸಿಲ್ವರ್ ಮರ ಲೈನ್ ಮೇಲೆ ಬಿತ್ತು ಅಂದರೆ, ಲೈನ್‌ಮ್ಯಾನ್ ಮಳೆಯಲ್ಲಿ ಅದನ್ನು ಹುಡುಕಿ, ಕಡಿಸಿ, ತಂತಿ ಎಳೆದು ಕಟ್ಟುವವರೆಗೆ ಕಾಯಬೇಕು. ಮನೆಯಲ್ಲಿ ಇನ್ವರ್ಟರ್ ಇದೆ, ಆದರೆ ಅದರ ಲೈನು ಬರುವುದು ಹಾಲಿನ ಒಳಗೋಡೆಯ ಒಂದೇ ಪ್ಲಗ್ ಪಾಯಿಂಟಿಗೆ. ಮೊಬೈಲ್ ನೆಟ್‌ವರ್ಕ್ ಸಿಗುವುದು ಎದುರು ಗೋಡೆಯ ಕಿಟಕಿ ಪಕ್ಕದಲ್ಲಿ ಮಾತ್ರ. ಹಾಗಾಗಿ ಕುರ್ಚಿ ಕಿಟಕಿ ಪಕ್ಕ, ಪ್ಲಗ್ ಆ ಕಡೆ, ನಡುವೆ ಬಿಗಿಯಾಗಿ ಎಳೆದ ಚಾರ್ಜರ್ ವೈರು. ಲ್ಯಾಪ್‌ಟಾಪಿಗೆ ಸಿಗಿಸುವ ಪಿನ್ನಿನ ಕುತ್ತಿಗೆ ಯಾವಾಗಲೂ ಒಂದು ಕಡೆಗೆ ಬಾಗಿಕೊಂಡೇ ಇರುತ್ತಿತ್ತು. ಅವ್ವ ಅದನ್ನು ದಾಟುವಾಗೆಲ್ಲ ಸೀರೆ ಎತ್ತಿಕೊಂಡು ಬೈದುಕೊಂಡೇ ದಾಟುತ್ತಿದ್ದರು.

ಒಂದು ದಿನ ಬೆಳಿಗ್ಗೆ ನೋಡಿದರೆ ಚಾರ್ಜ್ ಏರುತ್ತಿಲ್ಲ. ಹಿಂದಿನ ರಾತ್ರಿ ಕರೆಂಟು ಹೋಗುವುದು ಬರುವುದು ಆಗಿತ್ತು, ಗುಡುಗೂ ಇತ್ತು. ‘ಸಿಡಿಲಿಗೆ ಏನೋ ಆಯಿತು’ ಎಂದು ಮನಸ್ಸು ತಕ್ಷಣ ತೀರ್ಮಾನಿಸಿಬಿಟ್ಟಿತು. ಚಾರ್ಜರಿನ ಇಟ್ಟಿಗೆಯ (ವೈರಿನ ನಡುವಿನ ಆ ಕಪ್ಪು ಡಬ್ಬಿಯ) ಮೇಲೆ ಲೈಟ್ ಉರಿಯುತ್ತಿದೆ. ಬ್ಯಾಟರಿ ಸೊನ್ನೆಗೆ ಬಂದರೂ ಚಾರ್ಜರ್ ಹಾಕಿದರೆ ಲ್ಯಾಪ್‌ಟಾಪ್ ನಡೆಯುತ್ತಿದೆ. ಮೇಲಾಗಿ ಅದು ಕಂಪನಿಯದೇ, ಲ್ಯಾಪ್‌ಟಾಪಿನ ಜೊತೆಗೇ ಬಂದ ಚಾರ್ಜರ್. ಅಂದಮೇಲೆ ಚಾರ್ಜರ್ ಸರಿ ಇದೆ. ಚಾರ್ಜರ್ ಸರಿ ಇದ್ದರೆ ಹೋಗಿರುವುದು ಬ್ಯಾಟರಿಯೇ. ಲೆಕ್ಕ ಬರೆಯುವವನು ನಾನು, ಈ ಲೆಕ್ಕ ಎಷ್ಟು ಚೆನ್ನಾಗಿ ಕೂಡಿ ಬಂತೆಂದರೆ ತಿರುಗಿ ನೋಡಲೇ ಇಲ್ಲ.

ಇಲ್ಲಿ ಸ್ವಲ್ಪ ಉದ್ದ ಎಳೆಯುತ್ತೇನೆ, ಸಹಿಸಿಕೊಳ್ಳಿ.

ಲ್ಯಾಪ್‌ಟಾಪ್ ನಡೆಸುವುದು ಒಂದು ಕೆಲಸ, ಬ್ಯಾಟರಿ ತುಂಬಿಸುವುದು ಬೇರೆ ಕೆಲಸ. ದುಂಡು ಪಿನ್ನಿನ ಚಾರ್ಜರುಗಳಲ್ಲಿ ಕೆಲವು ಕಂಪನಿಯವರದ್ದರ ತುದಿಯನ್ನು ಬೆಳಕಿಗೆ ಹಿಡಿದು ನೋಡಿ: ದುಂಡು ಕೊಳವೆಯ ಸರಿ ನಡುವೆ ಸೂಜಿಯಂಥ ಒಂದು ಸಣ್ಣ ಕಡ್ಡಿ ಇರುತ್ತದೆ. ಕೊಳವೆಯ ಒಳಮೈಯಲ್ಲಿ ಸುಮಾರು 19.5 ವೋಲ್ಟ್, ಹೊರಮೈಯಲ್ಲಿ ಗ್ರೌಂಡ್, ಅಂದರೆ ಕರೆಂಟು ವಾಪಸ್ ಹೋಗುವ ದಾರಿ. ಆ ನಡುವಿನ ಕಡ್ಡಿಯಲ್ಲಿ ಲ್ಯಾಪ್‌ಟಾಪ್ ನಡೆಸುವ ಕರೆಂಟ್ ಹರಿಯುವುದಿಲ್ಲ. ಚಾರ್ಜರಿನ ಒಳಗೆ ಒಂದು ಚಿಕ್ಕ ಚಿಪ್ ಇದೆ. ‘ನಾನು ಇಂಥ ಚಾರ್ಜರ್, 65 ವ್ಯಾಟ್‌ನವನು’ ಎಂದು ಅದು ಲ್ಯಾಪ್‌ಟಾಪಿಗೆ ತಿಳಿಸುವ ದಾರಿ ಆ ಕಡ್ಡಿ. ಅಲ್ಲಿಂದ ಚಾರ್ಜರಿನವರೆಗೆ ಬರುವುದು ಕೂದಲಿನಷ್ಟು ಸಣ್ಣ ಮೂರನೇ ವೈರು. ದಪ್ಪ ವೈರುಗಳೆರಡು ಗಟ್ಟಿಯಾಗಿದ್ದು ಈ ಸಣ್ಣದೊಂದು ತುಂಡಾದರೆ ಏನಾಗುತ್ತದೆ? ಕರೆಂಟು ಬರುತ್ತದೆ, ಆದರೆ ಬಂದವನು ಯಾರೆಂದು ಲ್ಯಾಪ್‌ಟಾಪಿಗೆ ಗೊತ್ತಾಗುವುದಿಲ್ಲ. ತೋಟದಲ್ಲಿ ದಿನವಿಡೀ ಕೆಲಸ ಮಾಡಿದರೂ ಹಾಜರಿ ಬರೆಯುವ ರೈಟರ ಪುಸ್ತಕದಲ್ಲಿ ಹೆಸರಿಲ್ಲದಿದ್ದರೆ ಬಟವಾಡೆ ಇಲ್ಲವಲ್ಲ, ಹಾಗೆ. ಗುರುತಿಲ್ಲದ ಚಾರ್ಜರಿನಿಂದ ಹೆಚ್ಚು ಕರೆಂಟು ಎಳೆದರೆ ಅದು ಬಿಸಿಯಾಗಿ ಸುಟ್ಟುಹೋದೀತು ಎಂದು ಲ್ಯಾಪ್‌ಟಾಪ್ ಹಿಂಜರಿಯುತ್ತದೆ. ತಾನು ನಡೆಯುವಷ್ಟು ಮಾತ್ರ ತೆಗೆದುಕೊಂಡು ಬ್ಯಾಟರಿಗೆ ಕೊಡುವುದನ್ನು ನಿಲ್ಲಿಸುತ್ತದೆ. ಸಾಲದ್ದಕ್ಕೆ ಪ್ರೊಸೆಸರಿನ ವೇಗವನ್ನೂ ಇಳಿಸಿಬಿಡುತ್ತದೆ. ಆ ದಿನಗಳಲ್ಲಿ ನನ್ನ ಎಕ್ಸೆಲ್ ಶೀಟು ತೆವಳುತ್ತಿತ್ತು. ನಾನು ಆಂಟಿವೈರಸ್ಸನ್ನು ಬೈದು ತೆಗೆದುಹಾಕಿದೆ.

ಅಂದರೆ ‘ಲ್ಯಾಪ್‌ಟಾಪ್ ನಡೆಯುತ್ತಿದೆ’ ಎಂಬುದರಿಂದ ದಪ್ಪ ವೈರುಗಳೆರಡು ಸರಿ ಇವೆ ಎಂದಷ್ಟೇ ತಿಳಿಯುತ್ತದೆ. ಇಟ್ಟಿಗೆಯ ಮೇಲಿನ ಲೈಟಿನಿಂದ ಅಷ್ಟೂ ತಿಳಿಯುವುದಿಲ್ಲ. ಮೂರನೇ ವೈರಿನ ವಿಷಯ ಎರಡೂ ಹೇಳುವುದಿಲ್ಲ. ನಾನು ಮೂರನ್ನೂ ಸೇರಿಸಿ ‘ಚಾರ್ಜರ್ ಓಕೆ’ ಎಂದು ಗೀಟು ಎಳೆದಿದ್ದೆ.

ಇದಕ್ಕಿಂತ ದೊಡ್ಡ ಮಂಗತನ ಅಂಗಡಿಯಲ್ಲಿ ಮಾಡಿದೆ. ಚಾರ್ಜರನ್ನು ಮನೆಯಲ್ಲೇ ಬಿಟ್ಟು ಲ್ಯಾಪ್‌ಟಾಪ್ ಮಾತ್ರ ತೆಗೆದುಕೊಂಡು ಹೋದೆ. ‘ಚಾರ್ಜರ್ ಚೆಕ್ ಮಾಡಿದ್ದೇನೆ, ಬ್ಯಾಟರಿ ಹೋಗಿದೆ’ ಎಂದೆ. ಅಂಗಡಿಯ ಹುಡುಗ ಹಲವು ತುದಿಗಳಿರುವ ಒಂದು ಯೂನಿವರ್ಸಲ್ ಚಾರ್ಜರ್ ಸಿಗಿಸಿ ನೋಡಿದ. ಅದಕ್ಕೂ ಆ ಗುರುತಿನ ಚಿಪ್ ಇರಲಿಲ್ಲ, ಹಾಗಾಗಿ ಅದರಲ್ಲೂ ಅದೇ ‘ನಾಟ್ ಚಾರ್ಜಿಂಗ್’. ‘ಹೌದು ಸಾರ್, ಬ್ಯಾಟರಿ’ ಎಂದ. ಅವನನ್ನು ದೂರಲಾರೆ, ರೋಗದ ಲಕ್ಷಣ ಹೇಳುವ ಬದಲು ರೋಗದ ಹೆಸರನ್ನೇ ಹೇಳಿದವನು ನಾನು. ಹೊಸ ಬ್ಯಾಟರಿ ಹಾಕಿ ಆನ್ ಮಾಡಿದಾಗ ಐವತ್ತರ ಹತ್ತಿರ ತೋರಿಸಿತು. ಹೊಸ ಬ್ಯಾಟರಿಗಳು ಅರೆಬರೆ ಚಾರ್ಜಿನಲ್ಲೇ ಬರುವುದು ವಾಡಿಕೆ, ಆಗ ಅದು ಗೊತ್ತಿರಲಿಲ್ಲ. ಖುಷಿಯಾಗಿ ದುಡ್ಡು ಕೊಟ್ಟೆ, ಹಳೆಯದನ್ನು ಅಲ್ಲೇ ಬಿಟ್ಟೆ. ಮನೆಗೆ ಬಂದು ಸಂಜೆಯೊಳಗೆ ಸೊನ್ನೆ.

ಮೈಸೂರಿನಲ್ಲಿ ಇನ್ನೊಬ್ಬರನ್ನು ಫೋನಿನಲ್ಲಿ ಕೇಳಿದರೆ ‘ಹಾಗಾದರೆ ಮದರ್‌ಬೋರ್ಡಿನ ಚಾರ್ಜಿಂಗ್ ಸೆಕ್ಷನ್’ ಎಂದರು. ಆ ರೇಟು ಕೇಳಿ ಸುಮ್ಮನಾದೆ. ಮುಂದೆ ಕರೆಂಟು ಹೋಗಿ ಇನ್ವರ್ಟರ್ ಹಿಡಿದುಕೊಳ್ಳುವ ಆ ಕಣ್ಣು ಮಿಟುಕಿಸುವ ಹೊತ್ತಿನಲ್ಲೇ ಲ್ಯಾಪ್‌ಟಾಪ್ ಪೂರ್ತಿ ಆಫ್ ಆಗುತ್ತಿತ್ತು. 20ನೇ ತಾರೀಖಿನ ರಿಟರ್ನ್ ಅರ್ಧ ತುಂಬಿರುವಾಗ ಹಾಗಾದರೆ ಹೇಗಿರುತ್ತದೆ ಎಂದು ಆ ಕೆಲಸ ಮಾಡಿದವರಿಗೇ ಗೊತ್ತು.

ಕೊನೆಗೆ ಸೆಪ್ಟೆಂಬರಿನಲ್ಲಿ ನಮ್ಮ ಕೈಲ್ ಮುಹೂರ್ತ ಹಬ್ಬಕ್ಕೆ ಬೆಂಗಳೂರಿನಿಂದ ಚಿಕ್ಕಪ್ಪನ ಮಗಳು ಬಂದಳು. ನಾನು ಲ್ಯಾಪ್‌ಟಾಪ್ ಆನ್ ಮಾಡುವಾಗ ಹಿಂದೆ ನಿಂತಿದ್ದಳು.

‘ಅಣ್ಣಾ, ಈಗ ಏನೋ ಒತ್ತಿದೆಯಲ್ಲ, ಏನದು?’

‘ಅದು ದಿನಾ ಬರ್ತದೆ. ಎಫ್ ಒನ್ ಒತ್ತಿದ್ರೆ ಹೋಗ್ತದೆ.’

‘ಏನು ಬರೆದಿದೆ ಅಂತ ಓದಿದ್ದೀಯಾ?’

ಓದಿರಲಿಲ್ಲ. ಕಪ್ಪು ಪರದೆಯ ಮೇಲೆ ಬಿಳಿ ಇಂಗ್ಲಿಷ್, ಕೆಳಗೆ ‘ಮುಂದುವರಿಯಲು ಎಫ್ ಒನ್’. ಮಳೆಗಾಲ ಪೂರ್ತಿ ದಿನಾ ಬೆಳಿಗ್ಗೆ ಒತ್ತಿದ್ದೇನೆ. ಮತ್ತೆ ಆನ್ ಮಾಡಿ ಅವಳೇ ಓದಿ ಹೇಳಿದಳು: ಪವರ್ ಅಡಾಪ್ಟರ್ ಎಷ್ಟು ವ್ಯಾಟ್‌ನದ್ದು, ಯಾವ ಬಗೆಯದ್ದು ಎಂದು ಗೊತ್ತಾಗುತ್ತಿಲ್ಲ, ಬ್ಯಾಟರಿ ಚಾರ್ಜ್ ಆಗದೆ ಇರಬಹುದು. ಅವಳದ್ದೂ ಅದೇ ಕಂಪನಿಯ ಲ್ಯಾಪ್‌ಟಾಪ್, ಅದೇ ಪಿನ್. ಅವಳ ಚಾರ್ಜರ್ ಸಿಗಿಸಿದ ಕೂಡಲೇ ಚಾರ್ಜಿಂಗ್ ಲೈಟ್ ಹತ್ತಿತು. ಸಿಡಿಲೂ ಇಲ್ಲ, ಮದರ್‌ಬೋರ್ಡೂ ಇಲ್ಲ. ಬಾಗಿ ಬಾಗಿ ಕುತ್ತಿಗೆಯಲ್ಲಿ ತುಂಡಾದ ವೈರು. ಆಮೇಲೆ ವಿಂಡೋಸ್ ಇಟ್ಟುಕೊಂಡಿರುವ ಬ್ಯಾಟರಿ ರಿಪೋರ್ಟ್ ತೆಗೆದು ಅದರಲ್ಲಿ ಹಿಂದಿನ ದಿನಗಳ ದಾಖಲೆ ನೋಡಿದರೆ, ಅಂಗಡಿಯಲ್ಲಿ ಬಿಟ್ಟುಬಂದ ಹಳೆಯ ಬ್ಯಾಟರಿಗೆ ಮುಕ್ಕಾಲು ಪಾಲು ಆಯಸ್ಸು ಇನ್ನೂ ಇತ್ತು. ದುಡ್ಡು ಕೊಟ್ಟು ಹಾಕಿಸಿದ ಡೂಪ್ಲಿಕೇಟು ಮುಂದಿನ ವರ್ಷ ಉಬ್ಬಿಕೊಂಡು ಟಚ್‌ಪ್ಯಾಡನ್ನೇ ಮೇಲಕ್ಕೆ ಎತ್ತಿತು. (ನಿಮ್ಮದರಲ್ಲಿ ಟಚ್‌ಪ್ಯಾಡ್ ಎದ್ದಿದ್ದರೆ, ತಳ ಉಬ್ಬಿದ್ದರೆ, ಕೆಳಗಿನದೆಲ್ಲ ಓದದೆ ಈಗಲೇ ಆಫ್ ಮಾಡಿ, ಚಾರ್ಜಿಗೆ ಹಾಕಬೇಡಿ. ಉಬ್ಬಿದ ಬ್ಯಾಟರಿಯನ್ನು ಒತ್ತಬೇಡಿ, ಚುಚ್ಚಬೇಡಿ, ತೋಟದ ಕಸದ ಜೊತೆ ಸುಡಬೇಡಿ.)

ಈಗ ನಿಮ್ಮ ವಿಷಯ. ಎಷ್ಟು ಪರ್ಸೆಂಟಿನಲ್ಲಿ ನಿಂತಿದೆ ಎಂದು ನೀವು ಬರೆದಿಲ್ಲ, ಅದು ಮುಖ್ಯ. 60ರಲ್ಲೋ 80ರಲ್ಲೋ ಸರಿಯಾಗಿ ನಿಂತಿದ್ದರೆ ಬಹುಶಃ ಏನೂ ಕೆಟ್ಟಿಲ್ಲ. ಬ್ಯಾಟರಿ ಬಾಳಿಕೆ ಬರಲಿ ಎಂದು ಅಷ್ಟಕ್ಕೇ ನಿಲ್ಲಿಸುವ ಸೆಟ್ಟಿಂಗ್ ಈಗ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿದೆ. ಕಂಪನಿಯ ಆ್ಯಪಿನಲ್ಲೋ ಬಯಾಸ್‌ನಲ್ಲೋ (ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಸೆಟ್ಟಿಂಗ್ ಪರದೆ) ಹುಡುಕಿ. ಇಷ್ಟಕ್ಕೇ ಹೊಸ ಲ್ಯಾಪ್‌ಟಾಪ್ ಕೊಂಡವರನ್ನು ಕಂಡಿದ್ದೇನೆ.

ಹಾಗಿಲ್ಲದಿದ್ದರೆ, ಮೊದಲು ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆದು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದು, ಮತ್ತೆ ಆನ್ ಮಾಡಿ. ಕರೆಂಟಿನ ಏಟಿಗೆ ಒಳಗಿನ ಕಂಟ್ರೋಲರ್ ಮಂಕಾಗಿದ್ದರೆ ಇಷ್ಟಕ್ಕೇ ಸರಿಹೋಗುವುದುಂಟು. ಆನ್ ಆಗುವಾಗ ಪರದೆಯ ಮೇಲೆ ಬರುವುದನ್ನು ದಯವಿಟ್ಟು ಓದಿ. ಕೆಲವು ಕಂಪನಿಯವರ ಬಯಾಸ್‌ನಲ್ಲಿ ಅಡಾಪ್ಟರ್ ಎಷ್ಟು ವ್ಯಾಟ್ ಎಂದು ತೋರಿಸುತ್ತದೆ. ಅಲ್ಲಿ ‘ಅನ್‌ನೋನ್’ ಎಂದಿದ್ದರೆ ನಿಮ್ಮದೂ ನನ್ನ ಕಥೆಯೇ.

ಆಮೇಲೆ ಅದೇ ಕಂಪನಿಯ, ಅದೇ ಪಿನ್ನಿನ, ಬೇರೆ ಲ್ಯಾಪ್‌ಟಾಪ್ ಒಂದನ್ನು ಚಾರ್ಜ್ ಮಾಡುತ್ತಿರುವ ಚಾರ್ಜರನ್ನು ಕೇಳಿ ತಂದು ಹಾಕಿ ನೋಡಿ. ನೆರೆಮನೆ, ಶಾಲೆ ಮೇಷ್ಟ್ರು, ಬ್ಯಾಂಕಿನವರು, ಯಾರಾದರೂ ಸಿಗುತ್ತಾರೆ. ಮಲ್ಟಿಮೀಟರಿನಲ್ಲಿ 19 ವೋಲ್ಟ್ ಬಂತು ಎಂದು ಯಾರಾದರೂ ಹೇಳಿದರೆ ತಲೆ ಆಡಿಸಿ ಬನ್ನಿ, ಅದು ಮೂರನೇ ವೈರಿನ ಬಗ್ಗೆ ಏನೂ ಹೇಳುವುದಿಲ್ಲ. ಎರವಲು ಚಾರ್ಜರಿನಲ್ಲೂ ಆಗದಿದ್ದರೆ ಮುಂದಿನ ಅನುಮಾನ ಲ್ಯಾಪ್‌ಟಾಪಿನ ಕಡೆಯ ಜ್ಯಾಕ್. ಎಷ್ಟೋ ಮಾಡೆಲ್‌ಗಳಲ್ಲಿ ಅದು ಪುಟ್ಟ ವೈರಿನೊಂದಿಗೆ ಬಿಡಿಯಾಗಿ ಸಿಗುವ ಭಾಗ, ಬೋರ್ಡ್ ಬದಲಿಸಬೇಕಿಲ್ಲ.

ನಿಮ್ಮದು ಟೈಪ್ ಸಿ ಆಗಿದ್ದರೆ ಅಲ್ಲೂ ಇದೇ ಮಾತುಕತೆ ನಡೆಯುತ್ತದೆ. ಚಾರ್ಜರೂ ಲ್ಯಾಪ್‌ಟಾಪೂ ಕೇಬಲ್ಲಿನ ಮೂಲಕ ಒಪ್ಪಂದ ಮಾಡಿಕೊಂಡ ಮೇಲೆಯೇ ವೋಲ್ಟೇಜು 5ರಿಂದ 20ಕ್ಕೆ ಏರುವುದು. ಹಾಗಾಗಿ ಬೇರೆ ಕೇಬಲ್ ಹಾಕಿ ನೋಡಿ, ಬೇರೆ ಪೋರ್ಟಿನಲ್ಲಿ ಹಾಕಿ ನೋಡಿ. ಎಲ್ಲ ಟೈಪ್ ಸಿ ಪೋರ್ಟೂ ಚಾರ್ಜ್ ತೆಗೆದುಕೊಳ್ಳುವುದಿಲ್ಲ. ಪೋರ್ಟಿನೊಳಗೆ ದೂಳು ಕೂತಿದ್ದರೆ ಆಫ್ ಮಾಡಿ ಮರದ ಕಡ್ಡಿಯಿಂದ ಮೆಲ್ಲಗೆ ತೆಗೆಯಿರಿ. ಲ್ಯಾಪ್‌ಟಾಪಿಗೆ ಥಂಡಿ ಹಿಡಿದಿದೆ, ಒಲೆಯ ಮೇಲಿನ ಅಟ್ಟದಲ್ಲಿ ಇಡಿ ಎಂಬ ಸಲಹೆ ನಮ್ಮ ಕಡೆ ಖಂಡಿತ ಬರುತ್ತದೆ. ಬಟ್ಟೆ ಒಣಗಿಸಲು ಸರಿ, ಲಿಥಿಯಂ ಬ್ಯಾಟರಿಗೆ ಬೇಡ.

ಬ್ಯಾಟರಿಯ ಮೇಲೆ ಇನ್ನೂ ಅನುಮಾನವಿದ್ದರೆ ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ (ಆಜ್ಞೆ ಟೈಪ್ ಮಾಡುವ ಕಪ್ಪು ಕಿಟಕಿ) ತೆರೆದು ‘ಪವರ್‌ಸಿಎಫ್‌ಜಿ’, ಒಂದು ಸ್ಪೇಸ್, ಸ್ಲ್ಯಾಶ್, ‘ಬ್ಯಾಟರಿರಿಪೋರ್ಟ್’ ಎಂದು ಇಂಗ್ಲಿಷಿನಲ್ಲಿ ಹೊಡೆಯಿರಿ. ಬರುವ ಫೈಲಿನಲ್ಲಿ ಡಿಸೈನ್ ಕೆಪಾಸಿಟಿ, ಫುಲ್ ಚಾರ್ಜ್ ಕೆಪಾಸಿಟಿ ಎಂಬ ಎರಡು ಅಂಕಿ ಇರುತ್ತವೆ. ಎರಡನೆಯದು ಮೊದಲನೆಯದರ ಅರ್ಧಕ್ಕಿಂತ ಕೆಳಗೆ ಇಳಿದಿದ್ದರೆ ಬ್ಯಾಟರಿ ಬದಲಿಸುವ ಮಾತಾಡೋಣ, ಅದೂ ಚಾರ್ಜರ್ ಪರೀಕ್ಷೆ ಮುಗಿದ ಮೇಲೆ.

ಚಾರ್ಜರ್ ಕೊಳ್ಳುವುದಾದರೆ ಕಂಪನಿಯದೇ ಕೊಳ್ಳಿ. ವೋಲ್ಟ್ ಅಷ್ಟೇ ಇರಬೇಕು, ವ್ಯಾಟ್ ಹಳೆಯದಕ್ಕಿಂತ ಕಡಿಮೆ ಇರಬಾರದು, ಹೆಚ್ಚಿದ್ದರೆ ತೊಂದರೆ ಇಲ್ಲ. ಆದರೆ ಹೊಸದನ್ನು ಗೋಡೆಗೆ ಚುಚ್ಚುವ ಮೊದಲು ಮನೆಯ ಲೈನ್ ನೋಡಿಸಿ. ಸಂಜೆ ಹೊತ್ತು ಬಲ್ಬು ಡಿಮ್ಮಾಗುವ ಲೋ ವೋಲ್ಟೇಜಿಗೆ ಹೆದರಬೇಡಿ, ಚಾರ್ಜರಿನ ಮೇಲೆ 100ರಿಂದ 240 ವೋಲ್ಟ್ ಎಂದು ಬರೆದೇ ಇರುತ್ತದೆ. ಹೆದರಬೇಕಾದ್ದು ಮರ ಬಿದ್ದು ನ್ಯೂಟ್ರಲ್ ತಂತಿ ಕಡಿದಾಗ: ಆಗ 230 ಬರಬೇಕಾದ ಮನೆಗೆ 400ರ ಹತ್ತಿರದವರೆಗೂ ನುಗ್ಗಬಹುದು. ಕರೆಂಟ್ ಬಂದ ಕೂಡಲೇ ಬಲ್ಬು ಎಂದೂ ಇಲ್ಲದಷ್ಟು ಬೆಳಗಿದರೆ, ಫ್ಯಾನ್ ಹುಚ್ಚು ಹಿಡಿದಂತೆ ತಿರುಗಿದರೆ, ಮೇನ್ ಸ್ವಿಚ್ ಇಳಿಸಿ ಕರೆಂಟಿನವರ ಸಹಾಯವಾಣಿ 1912ಕ್ಕೆ ಫೋನ್ ಮಾಡಿ. ನಿಮ್ಮಲ್ಲಿ ಆ ರಾತ್ರಿ ಹಾಗೇನಾದರೂ ಆಗಿತ್ತಾ? ನಿಮ್ಮದು ದುಂಡು ಪಿನ್ನಾ ಟೈಪ್ ಸಿಯಾ, ಎಷ್ಟು ಪರ್ಸೆಂಟಿನಲ್ಲಿ ನಿಂತಿದೆ, ಅದನ್ನೂ ಕೆಳಗೆ ಬರೆಯಿರಿ, ನೋಡಿ ಹೇಳುತ್ತೇನೆ.