ಪೊರೆಯ ಬಿಗಿತ ತಗ್ಗಿಸಲು ಸುಕ್ರೋಸ್ ಬಳಸಬಹುದೇ?

ಜೀವಕೋಶದ ಪೊರೆ ಬಿಗಿಯಾದರೆ ವೆಸಿಕಲ್‌ಗಳು (ಪೊರೆ ಒಳಕ್ಕೆ ಬಾಗಿ ಕಳಚಿಕೊಂಡಾಗ ಆಗುವ ಪುಟ್ಟ ಚೀಲಗಳು) ಕಡಿಮೆಯಾಗುತ್ತವೆಯೇ, ಅದನ್ನು ಪರೀಕ್ಷಿಸಲು ಸುಕ್ರೋಸ್ (ಸಕ್ಕರೆ) ದ್ರಾವಣ ಒಳ್ಳೆಯದೋ ನೀರು ಬೆರೆಸಿ ತೆಳುಗೊಳಿಸಿದ ಮಾಧ್ಯಮ (ಕೋಶಗಳನ್ನು ಬೆಳೆಸುವ ದ್ರವ) ಒಳ್ಳೆಯದೋ ಎಂದು ಕೇಳಿದ್ದೀರಿ. ಸಂಶೋಧನೆಯ ಮೊದಲ ವರ್ಷದಲ್ಲಿ ಇದೇ ಪ್ರಶ್ನೆ ಹಿಡಿದು ನಾನು ಸುಕ್ರೋಸನ್ನು ಆರಿಸಿಕೊಂಡೆ. ಅದರಿಂದ ಎಂಟು ತಿಂಗಳು ವ್ಯರ್ಥವಾಯಿತು.

ನನ್ನ ತರ್ಕ ಹೀಗಿತ್ತು: ಹೊರಗೆ ಸಕ್ಕರೆ ಹೆಚ್ಚಾದರೆ ನೀರು ಹೊರಬಂದು ಕೋಶ ಕುಗ್ಗುತ್ತದೆ, ಪೊರೆ ಸಡಿಲವಾಗುತ್ತದೆ, ಸಡಿಲವಾದ ಪೊರೆ ಸುಲಭವಾಗಿ ಒಳಕ್ಕೆ ಬಾಗಿ ಹೆಚ್ಚು ವೆಸಿಕಲ್‌ಗಳನ್ನು ಕೊಡುತ್ತದೆ. ಲೆಕ್ಕವೂ ಇದನ್ನೇ ಹೇಳುತ್ತಿತ್ತು. ಚಪ್ಪಟೆ ಪೊರೆಯನ್ನು ಗೋಳವಾಗಿ ಬಾಗಿಸಲು ಸುಮಾರು 500 ಕೆಟಿ ಶಕ್ತಿ ಬೇಕು (ಕೆಟಿ ಎಂದರೆ ಅಣುಗಳ ಉಷ್ಣ ಚಲನೆಯ ಶಕ್ತಿಯ ಅಳತೆ). ಗೋಳದ ಗಾತ್ರ ಬದಲಾದರೂ ಇದು ಬದಲಾಗುವುದಿಲ್ಲ. ಬಿಗಿತಕ್ಕೆ ತೆರಬೇಕಾದ ಶಕ್ತಿಯಾದರೋ ವಿಸ್ತೀರ್ಣದೊಂದಿಗೆ ಏರುತ್ತದೆ. 50 ನ್ಯಾನೋಮೀಟರ್ ತ್ರಿಜ್ಯದ ವೆಸಿಕಲ್‌ಗೆ, ಬಿಗಿತ ಮೀಟರಿಗೆ 0.02 ಮಿಲಿನ್ಯೂಟನ್ ಇದ್ದರೆ ಅದು ಸುಮಾರು 150 ಕೆಟಿ, 0.1 ಇದ್ದರೆ 750 ಕೆಟಿಗೂ ಹೆಚ್ಚು.

ಮಾಧ್ಯಮಕ್ಕೆ 0.45 ಮೋಲಾರ್ ಸುಕ್ರೋಸ್ ಸೇರಿಸಿ, ಹೊಳೆಯುವ ಬಣ್ಣ ಅಂಟಿಸಿದ ಟ್ರಾನ್ಸ್‌ಫೆರಿನ್ (ಕೋಶಗಳು ವೆಸಿಕಲ್‌ಗಳ ಮೂಲಕ ಒಳಗೆಳೆದುಕೊಳ್ಳುವ ಒಂದು ಪ್ರೋಟೀನು) ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಸಾಮಾನ್ಯ ಕೋಶಗಳಲ್ಲಿ ಹಸಿರು ಚುಕ್ಕೆಗಳು ಕೆಲವೇ ನಿಮಿಷಗಳಲ್ಲಿ ನ್ಯೂಕ್ಲಿಯಸ್ಸಿನ ಬಳಿ ಗುಂಪುಗೂಡಿದ್ದವು. ಸುಕ್ರೋಸಿನಲ್ಲಿದ್ದ ಕೋಶಗಳಲ್ಲಿ ಅಂಚಿನುದ್ದಕ್ಕೂ ತೆಳುವಾದ ಹಸಿರು ಗೆರೆ ಇತ್ತು, ಒಳಗೆಲ್ಲ ಕತ್ತಲೆ. ನಿರೀಕ್ಷೆಗೆ ಪೂರ್ತಿ ವಿರುದ್ಧವಾದ ಈ ಫಲಿತಾಂಶವನ್ನು ಅನುಮಾನಿಸುವ ಬದಲು, ವೆಸಿಕಲ್ ಮೂಡಲು ಪೊರೆಗೆ ಕನಿಷ್ಠ ಬಿಗಿತವಾದರೂ ಬೇಕು ಎಂಬ ಸಿದ್ಧಾಂತವನ್ನು ನಾನೇ ಕಟ್ಟಿಕೊಂಡೆ.

ತಪ್ಪು ಎಲ್ಲಿತ್ತೆಂಬುದನ್ನು ಬಿಡಿಸಿ ಹೇಳಲೇಬೇಕು. ಸಾಮಾನ್ಯ ಮಾಧ್ಯಮದ ಸಾಂದ್ರತೆ ಸುಮಾರು 300 ಮಿಲಿಆಸ್ಮೋಲ್ (ಕರಗಿರುವ ಎಲ್ಲ ಕಣಗಳ ಒಟ್ಟು ಅಳತೆ). ನಾನು ಅದನ್ನು ಎರಡೂವರೆ ಪಟ್ಟು ಮಾಡಿದ್ದೆ. ಅಷ್ಟು ಕುಗ್ಗಿದ ಕೋಶದಲ್ಲಿ ಪೊರೆಯೊಂದೇ ಬದಲಾಗುವುದಿಲ್ಲ, ಒಳಗಿನ ಪ್ರೋಟೀನುಗಳೂ ಲವಣಗಳೂ ಒತ್ತೊತ್ತಾಗುತ್ತವೆ. ಪೊರೆಗೆ ಒಳಗಿನಿಂದ ಬಲೆಯಂತೆ ಅಂಟಿ ಅದನ್ನು ಬಾಗಿಸುವ ಕ್ಲಾಥ್ರಿನ್, ಇಂಥ ಸ್ಥಿತಿಯಲ್ಲಿ ಪೊರೆಯ ಮೇಲಿನ ಬಲೆಯನ್ನು ಬಿಟ್ಟು, ಯಾವ ಉಪಯೋಗಕ್ಕೂ ಬಾರದ ಪುಟಾಣಿ ಪಂಜರಗಳಾಗಿ ಜೋಡಿಸಿಕೊಳ್ಳುತ್ತದೆ. ಹ್ಯೂಸರ್ ಮತ್ತು ಆಂಡರ್ಸನ್ ಎಂಬ ಸಂಶೋಧಕರು ಇದನ್ನು 1989ರಲ್ಲೇ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳೊಂದಿಗೆ ತೋರಿಸಿದ್ದರು. ಎಂಡೋಸೈಟೋಸಿಸ್ (ಹೀಗೆ ವೆಸಿಕಲ್‌ಗಳ ಮೂಲಕ ಕೋಶ ಹೊರಗಿನದನ್ನು ಒಳಗೆಳೆದುಕೊಳ್ಳುವುದು) ನಿಲ್ಲಿಸಬೇಕೆಂದೇ ಪ್ರಯೋಗಾಲಯಗಳಲ್ಲಿ ಸಾಂದ್ರ ಸುಕ್ರೋಸ್ ಬಳಸುತ್ತಾರೆ. ನಾನು ಯಂತ್ರವನ್ನೇ ಕಳಚಿ ಹಾಕಿ, ಅದು ಓಡದಿರುವುದಕ್ಕೆ ರಸ್ತೆಯನ್ನು ದೂರಿದ್ದೆ. ಒಮ್ಮೆಯಾದರೂ ಬಿಗಿತವನ್ನು ನೇರವಾಗಿ ಅಳೆದಿದ್ದರೆ, ಇಲ್ಲವೇ ಬೇರೊಂದು ವಿಧಾನದಿಂದ ಬದಲಿಸಿ ನೋಡಿದ್ದರೆ, ಮೊದಲ ವಾರದಲ್ಲೇ ಇದು ತಿಳಿಯುತ್ತಿತ್ತು.

ಆದ್ದರಿಂದ ನಿಮ್ಮ ಎರಡು ಆಯ್ಕೆಗಳ ನಡುವೆ ತೀರ್ಪು ಕೊಡಲು ನನಗೆ ಮನಸ್ಸಿಲ್ಲ. ಆಸ್ಮಾಸಿಸ್ (ಸಾಂದ್ರತೆಯ ವ್ಯತ್ಯಾಸದಿಂದ ನೀರು ಪೊರೆ ದಾಟುವುದು) ಎಂಬುದು ಬಿಗಿತವನ್ನಷ್ಟೇ ತಿರುಗಿಸುವ ಗುಂಡಿಯಲ್ಲ. ಕೋಶವನ್ನು ಉಬ್ಬಿಸಿ ಪೊರೆಯನ್ನು ಬಿಗಿಗೊಳಿಸುವ, ನೀರು ಬೆರೆಸಿದ ಮಾಧ್ಯಮ ಸುಕ್ರೋಸಿಗಿಂತ ವಾಸಿ, ಆದರೆ ಉಬ್ಬಿದ ಕೋಶ ಲವಣಗಳನ್ನು ಹೊರಹಾಕಿ ತನ್ನ ಗಾತ್ರವನ್ನು ಬೇಗನೆ ಸರಿಪಡಿಸಿಕೊಳ್ಳುತ್ತದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ನಿಮಗೆ ಸಿಗುವುದು ಚೇತರಿಸಿಕೊಂಡ ಕೋಶ. ಮೊದಲ ಐದು ನಿಮಿಷಗಳಲ್ಲೇ ಅಳೆಯಿರಿ. ಹಿಗ್ಗುವ ಸಿಲಿಕೋನ್ ಹಾಳೆಯ ಮೇಲೆ ಕೋಶಗಳನ್ನು ಬೆಳೆಸಿ ಎಳೆಯುವ ಪ್ರಯೋಗವನ್ನೂ ಜೊತೆಗೆ ಮಾಡಿ. ಬಿಗಿತವನ್ನು ಲೇಸರ್ ಚಿಮುಟದಿಂದ ಪೊರೆಯ ಎಳೆ ಎಳೆದು ಅಳೆಯುವುದಾದರೆ, ಬಲ ಎರಡು ಪಟ್ಟಾದಾಗ ಬಿಗಿತ ನಾಲ್ಕು ಪಟ್ಟಾಗಿರುತ್ತದೆ ಎಂಬುದನ್ನು ಮರೆಯಬೇಡಿ.

ಬಿಗಿತ ಹೆಚ್ಚಾದರೆ ವೆಸಿಕಲ್ ಕಡಿಮೆಯೇ ಎಂಬ ಹೌದು-ಅಲ್ಲ ಬಗೆಯ ಪ್ರಶ್ನೆಯನ್ನೂ ನಾನು ಒಪ್ಪುವುದಿಲ್ಲ. ಬಿಗಿತ ಏರಿದಾಗ ಆ ಹೆಚ್ಚುವರಿ ಶಕ್ತಿಯನ್ನು ಯಾರು ಒದಗಿಸುತ್ತಾರೆ ಎಂದು ಕೇಳಬೇಕು. ಕೋಶದೊಳಗೆ ಎಳೆಗಳಾಗಿ ಬೆಳೆದು ಪೊರೆಯನ್ನು ತಳ್ಳುವ ಆಕ್ಟಿನ್ ಎಂಬ ಪ್ರೋಟೀನು ಒದಗಿಸುತ್ತದೆ ಎಂದು ಜೀವವಿಜ್ಞಾನಿ ಕಿರ್ಚ್‌ಹೌಸೆನ್ ಅವರ ತಂಡ 2011ರಲ್ಲಿ ತೋರಿಸಿತು. ನಾನು ಕೊನೆಗೆ ಮಾಡಿದ ಪ್ರಯೋಗವೂ ಇದನ್ನೇ ಹೇಳಿತು. ಬರೀ ನೀರು ಬೆರೆಸಿದಾಗ ಕ್ಲಾಥ್ರಿನ್ ಚುಕ್ಕೆಗಳು ಎಂದಿನಂತೆ ಒಂದೆರಡು ನಿಮಿಷಗಳೊಳಗೆ ಮೂಡಿ ಮಾಯವಾಗುತ್ತಿದ್ದವು, ಲ್ಯಾಟ್ರಂಕ್ಯುಲಿನ್ ಎಂಬ ರಾಸಾಯನಿಕದಿಂದ ಆಕ್ಟಿನ್ ಒಂದನ್ನೇ ತಡೆದಾಗಲೂ ಬಹುಪಾಲು ಹಾಗೆಯೇ ಇತ್ತು. ಎರಡನ್ನೂ ಒಟ್ಟಿಗೆ ಮಾಡಿದ ದಿನ ಮಾತ್ರ ಮೂಡಿದ ಚುಕ್ಕೆಗಳು ಇದ್ದಲ್ಲೇ ಉರಿಯುತ್ತ ನಿಂತವು, ಒಂದೂ ಒಳಗೆ ಹೋಗಲಿಲ್ಲ.