ದರಕು, ಉಣುಗು, ಜ್ವರ: ಓದುಗರ ಪ್ರಶ್ನೆಗಳಿಗೆ ಉತ್ತರ

ಬೆಟ್ಟದಲ್ಲಿ ಎಲೆ ಉದುರುವ ಕಾಲ ಬಂದೊಡನೆ ಘಟ್ಟದ ಮೇಲಿನಿಂದಲೂ ಕರಾವಳಿಯಿಂದಲೂ ನಮಗೆ ಜ್ವರದ ಬಗ್ಗೆ ಪತ್ರಗಳು ಬರುತ್ತವೆ. ಈ ಸಲ ಬಂದವುಗಳಲ್ಲಿ ಹೆಚ್ಚಿನವು ಮಂಗನ ಕಾಯಿಲೆಗೆ ಸಂಬಂಧಿಸಿದವಾದ್ದರಿಂದ, ಇಡೀ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ. ಇಬ್ಬರು ಓದುಗರು ಇದನ್ನು ಮಂಗನ ಬಾವು ಎಂದು ಬರೆದಿದ್ದಾರೆ. ಕೆನ್ನೆಯ ಕೆಳಗೆ ಊದಿಕೊಳ್ಳುವ ಮಂಗನ ಬಾವು ಬೇರೆಯೇ ವೈರಸ್ಸಿನಿಂದ ಬರುವ ಬೇರೆಯೇ ರೋಗ. ಅದಕ್ಕೂ ಮಂಗಗಳಿಗೂ ಯಾವ ಸಂಬಂಧವೂ ಇಲ್ಲ.

ಪ್ರಶ್ನೆ: ನಮ್ಮ ಮನೆಯ ಹೆಂಗಸರು ದಿನವೂ ಸೊಪ್ಪಿನ ಬೆಟ್ಟಕ್ಕೆ ಹೋಗಿ ದರಕು (ಉದುರಿದ ಒಣ ಎಲೆ) ಗುಡಿಸಿ ತರುತ್ತಾರೆ. ಈ ವರ್ಷ ಸತ್ತ ಮಂಗವನ್ನು ನಮ್ಮಲ್ಲಿ ಯಾರೂ ಕಂಡಿಲ್ಲ. ಆದರೂ ಪಕ್ಕದ ಊರಿನವರೊಬ್ಬರಿಗೆ ಮಂಗನ ಕಾಯಿಲೆ ಬಂದಿದೆ. ಮಂಗದ ಹತ್ತಿರವೇ ಹೋಗದವರಿಗೆ ಅದು ಬರುವುದು ಹೇಗೆ? (ಶಿರಸಿ ತಾಲ್ಲೂಕಿನ ಓದುಗರು)

ಉತ್ತರ: ಕಾಯಿಲೆಯ ಹೆಸರಿನಲ್ಲಿ ಮಂಗವಿದ್ದರೂ ಮನುಷ್ಯರಿಗೆ ಅದನ್ನು ದಾಟಿಸುವುದು ರಕ್ತ ಹೀರುವ ಉಣುಗು, ಅಂದರೆ ಉಣ್ಣೆ. ನಮ್ಮ ಕಾಡಿನಲ್ಲಿ ಈ ಕೆಲಸವನ್ನು ಹೆಚ್ಚಾಗಿ ಮಾಡುವ ಜಾತಿಯ ಹೆಸರು ಹೀಮಾಫೈಸಾಲಿಸ್ ಸ್ಪಿನಿಜೆರಾ. ಮೊಟ್ಟೆಯೊಡೆದು ಹೊರಬರುವ ಮರಿಗೆ ಆರು ಕಾಲು. ಅದು ಮಳೆಗಾಲ ಮುಗಿಯುವ ಹೊತ್ತಿಗೆ ಇಲಿ, ಮೂಗಿಲಿ, ಹಕ್ಕಿ, ಮಂಗ, ಹೀಗೆ ಸಿಕ್ಕಿದ ಪ್ರಾಣಿಯ ರಕ್ತ ಕುಡಿದು ಕೆಳಗೆ ಬಿದ್ದು, ಪೊರೆ ಕಳಚಿ, ಎಂಟು ಕಾಲಿನ ಎಳೆಯ ಉಣುಗಾಗುತ್ತದೆ. ಮರಿಯಾಗಿದ್ದಾಗ ಕುಡಿದ ರಕ್ತದಲ್ಲಿ ವೈರಸ್ ಇದ್ದರೆ ಅದು ಪೊರೆ ಕಳಚಿದ ಮೇಲೂ ಉಣುಗಿನ ದೇಹದಲ್ಲಿ ಉಳಿದು, ಮುಂದಿನ ಕಡಿತದಲ್ಲಿ ಇನ್ನೊಂದು ಪ್ರಾಣಿಗೆ ಹೋಗುತ್ತದೆ. ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು ಈ ಎಳೆಯ ಉಣುಗೇ. ಅದು ನವೆಂಬರ್‌ನಿಂದ ಮೇ ತಿಂಗಳವರೆಗೆ ಕಾಡಿನ ನೆಲದಲ್ಲಿ ತುಂಬಿಕೊಂಡಿರುತ್ತದೆ. ಕೊಟ್ಟಿಗೆಗೆ ಹಾಸಲು ನಾವು ದರಕು ತರುವುದೂ, ಸೌದೆ ಕೂಡಿಹಾಕುವುದೂ ಇದೇ ತಿಂಗಳುಗಳಲ್ಲಿ ಎಂಬುದನ್ನು ಗಮನಿಸಿ.

ಇದರ ಗಾತ್ರ ಎಳ್ಳಿಗಿಂತ ಚಿಕ್ಕದು. ಬೆಟ್ಟದಲ್ಲಿ ಉಣುಗು ಹುಡುಕುವ ತಂಡದವರು ಬಿಳಿಯ ಬಟ್ಟೆಯೊಂದನ್ನು ಕೋಲಿಗೆ ಕಟ್ಟಿ ದರಕಿನ ಮೇಲೆ ನಿಧಾನವಾಗಿ ಎಳೆದುಕೊಂಡು ಹೋಗುತ್ತಾರೆ. ಒಮ್ಮೆ ಅವರ ಜೊತೆ ಹೋಗಿದ್ದಾಗ ಹತ್ತು ಹೆಜ್ಜೆ ನಡೆದ ಮೇಲೆ ಬಟ್ಟೆಯನ್ನು ಮಗುಚಿ ನೋಡಿದೆ. ಮೊದಲು ಮಣ್ಣಿನ ಕಣಗಳೆಂದು ಕಂಡವು ಒಂದೊಂದಾಗಿ ಕಾಲು ಚಾಚಿ ನಡೆಯತೊಡಗಿದವು. ದರಕಿನ ಹೊರೆಯನ್ನು ತಲೆಯ ಮೇಲೆ ಹೊತ್ತು ಬರುವವರ ಕುತ್ತಿಗೆಗೆ, ದಣಿವಾರಿಸಿಕೊಳ್ಳಲು ಮರದ ಬುಡದಲ್ಲಿ ಕೂತವರ ಸೊಂಟಕ್ಕೆ ಇವು ಹತ್ತಿದರೆ ತಿಳಿಯುವುದೇ ಇಲ್ಲ. ಸತ್ತ ಮಂಗ ನಿಮ್ಮ ಕಣ್ಣಿಗೆ ಬಿದ್ದಿಲ್ಲವೆಂದ ಮಾತ್ರಕ್ಕೆ ನಿಮ್ಮ ಬೆಟ್ಟದಲ್ಲಿ ವೈರಸ್ ಇಲ್ಲವೆಂದು ಹೇಳಲಾಗುವುದಿಲ್ಲ.

ಆದ್ದರಿಂದ ಬೆಟ್ಟಕ್ಕೆ ಹೋಗುವವರು ಉಣುಗು ಹತ್ತದಂತೆ ತಡೆಯಲು ಆರೋಗ್ಯ ಇಲಾಖೆ ಉಚಿತವಾಗಿ ಹಂಚುವ ಡೆಪಾ ಎಣ್ಣೆಯನ್ನು ಕೈಕಾಲು ಮತ್ತು ಕುತ್ತಿಗೆಗೆ ಹಚ್ಚಿಕೊಂಡು, ಮೈತುಂಬ ಬಟ್ಟೆ ತೊಟ್ಟು ಹೋಗಬೇಕು. ಮರಳಿದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ, ತೊಟ್ಟ ಬಟ್ಟೆಯನ್ನು ಬಿಸಿನೀರಿಗೆ ಹಾಕಬೇಕು. ಮೈಗೆ ಹತ್ತಿದ ಉಣುಗನ್ನು ಬೆರಳಿನಿಂದ ಹೊಸಕಬೇಡಿ. ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆದು ತೆಗೆಯಿರಿ.

ಪ್ರಶ್ನೆ: ಉಣುಗೇ ಕಾರಣವೆಂದು ಮೊದಲು ಗೊತ್ತಾದದ್ದು ಹೇಗೆ? ಈ ವೈರಸ್ ಹೊರಗಿನಿಂದ ಬಂದದ್ದೆಂದು ಹಿರಿಯರು ಹೇಳುತ್ತಾರೆ, ನಿಜವೇ? (ಸಿದ್ದಾಪುರದ ಕಾಲೇಜು ವಿದ್ಯಾರ್ಥಿನಿ)

ಉತ್ತರ: ನಿಮ್ಮ ತಾಲ್ಲೂಕಿಗೆ ತಾಗಿಕೊಂಡೇ ಇರುವ ಸೊರಬದಲ್ಲಿ ಈ ಕಥೆ ಆರಂಭವಾಗುತ್ತದೆ. 1957ರಲ್ಲಿ ಅಲ್ಲಿಯ ಕ್ಯಾಸನೂರು ಕಾಡಿನ ಸುತ್ತಮುತ್ತ ಕಪ್ಪು ಮೂತಿಯ ಮುಸಿಯಗಳೂ ಸಾಮಾನ್ಯ ಮಂಗಗಳೂ ಸಾಯತೊಡಗಿದವು. ಅದೇ ಊರುಗಳ ಜನರಿಗೆ ತೀವ್ರ ಜ್ವರ ಬರತೊಡಗಿತು. ಸುದ್ದಿ ತಿಳಿದ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಅತ್ಯಂತ ಆತಂಕದಿಂದ ಧಾವಿಸಿದರು. ದಕ್ಷಿಣ ಅಮೆರಿಕದಲ್ಲಿ ಹಳದಿ ಜ್ವರ ಮನುಷ್ಯರನ್ನು ಹಿಡಿಯುವ ಮುನ್ನ ಕಾಡಿನ ಮಂಗಗಳು ಸಾಯುವುದು ಅವರಿಗೆ ತಿಳಿದಿತ್ತು. ಭಾರತಕ್ಕೆ ಎಂದೂ ಕಾಲಿಡದ ಆ ರೋಗ ಇಲ್ಲಿಗೂ ಬಂದಿತೇ ಎಂಬುದು ಅವರ ಭಯ.

ಟೆಲ್‌ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಸತ್ತ ಮಂಗಗಳ ಅಂಗಗಳಿಂದಲೂ ರೋಗಿಗಳ ರಕ್ತದಿಂದಲೂ ವೈರಸ್ ಬೇರ್ಪಡಿಸಿ ಪರೀಕ್ಷಿಸಿದಾಗ ಹೊರಬಂದ ಉತ್ತರ ಯಾರೂ ಎಣಿಸದಂಥದ್ದಾಗಿತ್ತು. ಅದು ಹಳದಿ ಜ್ವರದ ವೈರಸ್ ಆಗಿರದೆ, ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳು ಜ್ವರದ ವೈರಸ್ಸಿಗೆ ಹತ್ತಿರದ ಸಂಬಂಧಿಯಾಗಿತ್ತು. ಸಂಬಂಧಿ ಉಣುಗಿನಿಂದ ಹರಡುವುದಾದರೆ ಇದೂ ಹಾಗೆಯೇ ಇರಬಹುದೆಂದು ಕಾಡಿನ ಉಣುಗುಗಳನ್ನು ಕೂಡಿಹಾಕಿ ನೋಡಿದಾಗ ಅವುಗಳಲ್ಲಿಯೂ ಅದೇ ವೈರಸ್ ಸಿಕ್ಕಿತು. ಮಂಗ, ಮನುಷ್ಯ, ಉಣುಗು ಈ ಮೂರರಲ್ಲಿಯೂ ಒಂದೇ ವೈರಸ್ ಕಂಡ ಮೇಲೆ ಹರಡುವ ದಾರಿ ಸ್ಪಷ್ಟವಾಯಿತು. ಸಂಶೋಧನೆಗೆ ಮೊದಲ ಎಳೆ ದೊರೆತದ್ದು ಕಾಡಿನಲ್ಲಿ ಬಿದ್ದಿದ್ದ ಮಂಗಗಳಿಂದ. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಇಂದಿಗೂ ಪರಿಸ್ಥಿತಿ ಹಾಗೆಯೇ ಇದೆ.

ಹೊರಗಿನಿಂದ ಬಂದದ್ದೆಂಬ ಮಾತು ಹುಟ್ಟಿದ್ದು ರಷ್ಯಾದ ಈ ನಂಟಿನಿಂದ. ವಲಸೆ ಹಕ್ಕಿಗಳು ಉಣುಗನ್ನು ಹೊತ್ತು ತಂದಿರಬಹುದೆಂದು ಆಗ ಊಹಿಸಿ, ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಅವುಗಳ ದಾರಿಯನ್ನು ಅಧ್ಯಯನ ಮಾಡುವ ದೊಡ್ಡ ಕೆಲಸವೇ ನಡೆಯಿತು. ಮುಂದೆ ವೈರಸ್ಸಿನ ವಂಶವಾಹಿಗಳನ್ನು ಹೋಲಿಸಿ ನೋಡಿದಾಗ, 1990ರ ದಶಕದಲ್ಲಿ ಸೌದಿ ಅರೇಬಿಯಾದಲ್ಲಿ ಪತ್ತೆಯಾದ ಅಲ್ಖುರ್ಮಾ ವೈರಸ್ ಇದಕ್ಕೆ ಎಲ್ಲಕ್ಕಿಂತ ಹತ್ತಿರದ್ದೆಂದು ತಿಳಿಯಿತು. ಹಾಗಾಗಿ ರಷ್ಯಾದಿಂದ ಬಂದಿತೆಂಬ ಹಳೆಯ ಊಹೆಗೆ ಈಗ ಬಲವಿಲ್ಲ.

ಪ್ರಶ್ನೆ: ದನಗಳಿಂದಲೇ ಉಣುಗು ಹೆಚ್ಚುತ್ತದೆ, ಅವುಗಳನ್ನು ಕಾಡಿಗೆ ಬಿಡಬಾರದು ಎನ್ನುತ್ತಾರೆ. ಮೇಯಿಸಲು ನಮಗೆ ಬೇರೆ ಜಾಗವಿಲ್ಲ. ಹಾಲಿನಿಂದಲೂ ರೋಗ ಬರುತ್ತದೆಯೇ? (ಹೊನ್ನಾವರ ತಾಲ್ಲೂಕಿನ ಹೈನುಗಾರರು)

ಉತ್ತರ: ಹಾಲಿನಿಂದ ಈ ಕಾಯಿಲೆ ಹರಡಿದ್ದಕ್ಕೆ ಪುರಾವೆಯಿಲ್ಲ, ಆ ಭಯ ಬೇಡ. ದನಗಳ ವಿಷಯ ಮಾತ್ರ ಸ್ವಲ್ಪ ತೊಡಕಿನದು. ಮಂಗಗಳಲ್ಲಿ ವೈರಸ್ ರಕ್ತದೊಳಗೆ ಅಪಾರವಾಗಿ ಬೆಳೆದು, ಕಚ್ಚಿದ ಉಣುಗುಗಳಿಗೆಲ್ಲ ಹತ್ತುತ್ತದೆ. ದನಗಳಲ್ಲಿ ಹಾಗೆ ಬೆಳೆಯುವುದಿಲ್ಲ. ಆದರೆ ಮಳೆಗಾಲದಲ್ಲಿ ಬಲಿತ ಉಣುಗುಗಳು ದನಗಳ ರಕ್ತ ಕುಡಿದೇ ಮೊಟ್ಟೆಯಿಡುವುದರಿಂದ, ಉಣುಗಿನ ಸಂತತಿ ಬೆಳೆಯಲು ದನಗಳು ಆಸರೆಯಾಗುತ್ತವೆ. ಕಾಡನ್ನು ಒತ್ತಿಕೊಂಡು ಗದ್ದೆ, ಊರುಗಳು ಬೆಳೆದದ್ದರಿಂದ ದನಗಳ ಓಡಾಟ ಹೆಚ್ಚಿ, ಕಾಡಿನೊಳಗೆ ಸುಮ್ಮನಿದ್ದ ವೈರಸ್ಸಿಗೆ ದಾರಿ ತೆರೆಯಿತೆಂದು ಜಾರ್ಜ್ ಬೋಶೆಲ್ ಎಂಬ ವಿಜ್ಞಾನಿ 1969ರಲ್ಲಿಯೇ ವಾದಿಸಿದ್ದರು. ಇತ್ತೀಚಿನ ಸಂಶೋಧನೆಗಳೂ ದಟ್ಟ ಕಾಡಿನ ನಡುಭಾಗಕ್ಕಿಂತ, ಕಾಡೂ ತೋಟವೂ ಗದ್ದೆಯೂ ಬೆರೆತಿರುವ ಅಂಚುಗಳತ್ತಲೇ ಬೆರಳು ತೋರಿಸುತ್ತಿವೆ. ಅಂಥ ಅಂಚೇ ನಮ್ಮ ಉತ್ತರ ಕನ್ನಡ ಜಿಲ್ಲೆಯ ಬಹುಪಾಲು ಜನರ ಮನೆಯಂಗಳ.

ಇಷ್ಟನ್ನು ತಿಳಿದೂ ದನಗಳನ್ನು ಕಟ್ಟಿಹಾಕಿ ಎಂದು ನಿಮಗೆ ಹೇಳಲು ನನಗೆ ಮನಸ್ಸಾಗುವುದಿಲ್ಲ. ಬದುಕು ನಡೆಯುವುದೇ ಬೆಟ್ಟದಿಂದ ಎಂದಿರುವವರಿಗೆ ಬೆಟ್ಟ ಬಿಡಿ ಎನ್ನುವುದು ಸಲಹೆಯಾಗುವುದಿಲ್ಲ. ಮಂಗ ಸತ್ತಿದೆಯೆಂದು ಗೊತ್ತಾದ ಭಾಗಕ್ಕೆ ಮಾತ್ರ ದನಗಳನ್ನು ಬಿಡಬೇಡಿ. ಪಶುವೈದ್ಯರನ್ನು ಕೇಳಿ ದನಗಳಿಗೆ ಉಣುಗು ನಿವಾರಕ ಔಷಧಿ ಹಾಕಿಸಿ.

ಪ್ರಶ್ನೆ: ಕಾಯಿಲೆಯಾದವರ ಮನೆಗೆ ಹೋದರೆ ನಮಗೂ ಅಂಟುವುದೇ? (ಅಂಕೋಲಾ)

ಉತ್ತರ: ಇಲ್ಲ. ರೋಗಿಯಿಂದ ಇನ್ನೊಬ್ಬರಿಗೆ ಅದು ಹರಡುವುದಿಲ್ಲ. ಜ್ವರದಿಂದ ಬಳಲುವವರನ್ನೂ ಅವರ ಮನೆಯವರನ್ನೂ ದೂರವಿಡುವುದು ತಪ್ಪು. ಹೋಗಿ ನೋಡಿಕೊಳ್ಳಿ, ಊಟ ಕೊಂಡೊಯ್ಯಿರಿ.

ಪ್ರಶ್ನೆ: ನಮ್ಮ ಕೇರಿಯಲ್ಲಿ ಮಳೆಗಾಲದಲ್ಲಿ ಒಬ್ಬರಿಗೆ ಮೈಕೈ ನೋವು, ಕಣ್ಣು ಕೆಂಪು, ಜ್ವರ ಬಂದಾಗ ಇಲಿ ಜ್ವರ ಎಂದರು. ಮಂಗನ ಕಾಯಿಲೆಯ ಲಕ್ಷಣಗಳೂ ಇವೇ ಅಲ್ಲವೇ? (ಕಾರವಾರ)

ಉತ್ತರ: ಮೊದಲ ದಿನಗಳಲ್ಲಿ ಎರಡನ್ನೂ ನೋಡಿ ಗುರುತಿಸುವುದು ವೈದ್ಯರಿಗೂ ಕಷ್ಟ. ಇಲಿ ಜ್ವರ ಬರುವುದು ಲೆಪ್ಟೊಸ್ಪೈರಾ ಎಂಬ ಬ್ಯಾಕ್ಟೀರಿಯಾದಿಂದ. ಇಲಿಯಂಥ ಪ್ರಾಣಿಗಳ ಮೂತ್ರ ಸೇರಿದ ನೀರಿನಲ್ಲಿ, ಕೆಸರಿನಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ, ಕಾಲಲ್ಲಿ ಗಾಯವಿದ್ದರೆ ಬೇಗನೆ ತಗಲುತ್ತದೆ. ಅದರ ಕಾಲ ಮಳೆಗಾಲ. ಅದಕ್ಕೆ ಆ್ಯಂಟಿಬಯಾಟಿಕ್ ಇದೆ, ಬೇಗ ಕೊಟ್ಟರೆ ಗುಣವಾಗುತ್ತದೆ. ಮಂಗನ ಕಾಯಿಲೆಯ ವೈರಸ್ಸನ್ನೇ ಕೊಲ್ಲುವ ಔಷಧಿ ಇನ್ನೂ ಇಲ್ಲ. ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಥಟ್ಟನೆ ಜ್ವರ, ತಲೆನೋವು, ಸೊಂಟ ಮತ್ತು ಮಾಂಸಖಂಡಗಳ ತೀವ್ರ ನೋವು ಆರಂಭವಾಗುತ್ತದೆ. ಕೆಲವರಿಗೆ ರಕ್ತಸ್ರಾವವೂ ಆಗುತ್ತದೆ. ಜ್ವರ ಬಿಟ್ಟಿತೆಂದು ಸಮಾಧಾನ ಪಟ್ಟವರಲ್ಲಿ ಕೆಲವರಿಗೆ ಒಂದೆರಡು ವಾರಗಳ ನಂತರ ಮರಳಿ ಜ್ವರ ಬಂದು ನಡುಕ, ಗೊಂದಲ ಕಾಣಿಸುವುದುಂಟು. ರೋಗ ತಗಲಿದ ನೂರು ಮಂದಿಯಲ್ಲಿ 3ರಿಂದ 5 ಮಂದಿ ಸಾಯುತ್ತಾರೆಂಬ ಅಂದಾಜಿದೆ.

ಜ್ವರ ಬಂದ ಮೊದಲ ದಿನಗಳಲ್ಲಿ ಆರ್‌ಟಿ-ಪಿಸಿಆರ್ ಪರೀಕ್ಷೆ ರಕ್ತದಲ್ಲಿರುವ ವೈರಸ್ಸನ್ನೇ ಹುಡುಕುತ್ತದೆ. ದಿನ ಕಳೆದ ಮೇಲೆ ವೈರಸ್ ಸಿಗುವುದಿಲ್ಲ, ಆಗ ದೇಹವು ಅದರ ವಿರುದ್ಧ ತಯಾರಿಸಿದ ಪ್ರತಿಕಾಯಗಳನ್ನು ಎಲಿಸಾ ಪರೀಕ್ಷೆಯಿಂದ ನೋಡಬೇಕಾಗುತ್ತದೆ. ಆದ್ದರಿಂದ ಜ್ವರ ಯಾವ ದಿನ ಆರಂಭವಾಯಿತು, ಅದಕ್ಕೂ ಮೊದಲು ಕಾಡಿಗೆ ಹೋಗಿದ್ದಿರಾ ಎಂಬ ಎರಡನ್ನು ವೈದ್ಯರು ಕೇಳದಿದ್ದರೂ ನೀವೇ ಹೇಳಿ. ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬೇಡಿ. ಆಸ್ಪಿರಿನ್‌ನಂಥವು ರಕ್ತಸ್ರಾವವನ್ನು ಹೆಚ್ಚಿಸಬಹುದು.

ಪ್ರಶ್ನೆ: ನನ್ನ ಅಪ್ಪ, ಅಮ್ಮ ಹಿಂದೆ ಇದರ ಚುಚ್ಚುಮದ್ದು ಹಾಕಿಸಿಕೊಂಡಿದ್ದರು. ಈಗ ಕೇಳಿದರೆ ಇಲ್ಲ ಎನ್ನುತ್ತಾರೆ. ಇದ್ದ ಲಸಿಕೆಯನ್ನು ನಿಲ್ಲಿಸಿದ್ದೇಕೆ? (ಸಿದ್ದಾಪುರ ತಾಲ್ಲೂಕು)

ಉತ್ತರ: ನಿಮ್ಮ ಅಸಮಾಧಾನ ನ್ಯಾಯವಾದದ್ದು. ಮೊಟ್ಟಮೊದಲು ಪ್ರಯೋಗಿಸಿದ್ದು ರಷ್ಯಾದ ಮಿದುಳು ಜ್ವರದ ವೈರಸ್ಸಿನಿಂದ ತಯಾರಿಸಿದ ಲಸಿಕೆಯನ್ನು. ಹತ್ತಿರದ ಸಂಬಂಧಿಯಾದ್ದರಿಂದ ಇದಕ್ಕೂ ಆದೀತೆಂದು ನಂಬಿದ್ದರು, ಆಗಲಿಲ್ಲ. ನಂತರ ಇಲ್ಲಿಯದೇ ವೈರಸ್ಸನ್ನು ಕೋಳಿ ಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ, ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿ ತಯಾರಿಸಿದ ಲಸಿಕೆ ಬಂದಿತು. 1990ರಿಂದ ನಮ್ಮ ರಾಜ್ಯದಲ್ಲಿ ಕೊಟ್ಟದ್ದು ಅದನ್ನೇ. ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳೊಳಗೆ ಬೂಸ್ಟರ್, ಆಮೇಲೆ ವರ್ಷಕ್ಕೊಂದರಂತೆ ಮತ್ತೆ ಮತ್ತೆ ಹಾಕಿಸಿಕೊಳ್ಳಬೇಕಿತ್ತು. ಚುಚ್ಚಿದ ಜಾಗ ತುಂಬ ನೋಯುತ್ತಿದ್ದುದರಿಂದ ಮೊದಲ ಡೋಸ್ ಹಾಕಿಸಿಕೊಂಡವರಲ್ಲಿ ಅನೇಕರು ಎರಡನೆಯದಕ್ಕೆ ಬರುತ್ತಿರಲಿಲ್ಲ. 1990–92ರ ಪ್ರಯೋಗದಲ್ಲಿ ಎರಡು ಡೋಸ್ 93.5 ಶೇಕಡಾ ರಕ್ಷಣೆ ಕೊಟ್ಟಿತ್ತು. 2005ರಿಂದ 2010ರವರೆಗಿನ ಮಾಹಿತಿಯನ್ನು ಪರಿಶೀಲಿಸಿದಾಗ ಅದು 62.4 ಶೇಕಡಾಕ್ಕೆ ಇಳಿದಿತ್ತು, ಬೂಸ್ಟರ್ ಪಡೆದವರಲ್ಲಿ 82.9 ಇತ್ತು. ಲಸಿಕೆಯ ಸಾಮರ್ಥ್ಯದ ಬಗ್ಗೆ ಅನುಮಾನಗಳು ಬಲವಾಗಿ, 2022ರಲ್ಲಿ ಅದರ ಬಳಕೆಯನ್ನು ನಿಲ್ಲಿಸಲಾಯಿತು. ಹೊಸ ಲಸಿಕೆ ತಯಾರಾಗುವ ಮೊದಲೇ ಹಳೆಯದು ಹೋದದ್ದರಿಂದ, 2024ರ ಬೇಸಿಗೆಯಲ್ಲಿ ನಿಮ್ಮ ತಾಲ್ಲೂಕಿನಲ್ಲಿ ಕಾಯಿಲೆ ಹೆಚ್ಚಿದಾಗ ಜನರ ಕೈಯಲ್ಲಿ ಎಣ್ಣೆಯೊಂದನ್ನು ಬಿಟ್ಟು ಬೇರೇನೂ ಇರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೊಸ ಲಸಿಕೆಯ ಕೆಲಸವನ್ನು ಕೈಗೆತ್ತಿಕೊಂಡಿದೆ. ಅರವತ್ತು ವರ್ಷಗಳಿಗೂ ಹಿಂದೆ ಗುರುತಿಸಿದ ರೋಗಕ್ಕೆ ಇದು ತಡವಾಗಿ ಆದ ಕೆಲಸವೆಂದೇ ನನ್ನ ಅಭಿಪ್ರಾಯ.

ಪ್ರಶ್ನೆ: ನಮ್ಮ ಊರಿನಲ್ಲಿ ಈವರೆಗೆ ಈ ಕಾಯಿಲೆ ಬಂದಿಲ್ಲ. ಹೀಗಿರುವಾಗ ಮಂಗ ಸತ್ತರೆ ತಿಳಿಸುವುದರಿಂದ ಏನು ಪ್ರಯೋಜನ? (ಯಲ್ಲಾಪುರ)

ಉತ್ತರ: ಮೊದಲ ಹದಿನೈದು ವರ್ಷಗಳಷ್ಟು ಕಾಲ ಶಿವಮೊಗ್ಗ ಜಿಲ್ಲೆಯನ್ನು ದಾಟದ ಈ ಕಾಯಿಲೆ ಮುಂದೆ ನಮ್ಮ ಜಿಲ್ಲೆಗೂ ದಕ್ಷಿಣ ಕನ್ನಡಕ್ಕೂ ಬಂದಿತು, 2012ರಿಂದೀಚೆಗೆ ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗಗಳಲ್ಲಿಯೂ ಕಾಣಿಸಿತು. ಎಷ್ಟೋ ಕಡೆ ಮೊದಲು ಸತ್ತದ್ದು ಮಂಗ. ಅದು ಸತ್ತು ಮೈ ತಣ್ಣಗಾದೊಡನೆ ಉಣುಗುಗಳು ಕಳಚಿ ಬಿದ್ದು ಆ ಮರದ ಸುತ್ತಲೇ ಹರಡಿಕೊಳ್ಳುತ್ತವೆ. ಬೇಗ ತಿಳಿದರೆ ಅಲ್ಲಿ ಕೀಟನಾಶಕ ಪುಡಿ ಎರಚಬಹುದು, ಮಂಗದ ಅಂಗಗಳನ್ನು ಪರೀಕ್ಷೆಗೆ ಕಳುಹಿಸಬಹುದು, ಊರಿನವರು ಆ ಕಡೆಗೆ ಹೋಗದಂತೆ ಎಚ್ಚರಿಸಬಹುದು. ಕೊಳೆತ ಮೇಲೆ ಸಿಕ್ಕಿದ ಮಂಗದಿಂದ ಪ್ರಯೋಗಾಲಯಕ್ಕೆ ಹೆಚ್ಚೇನೂ ತಿಳಿಯುವುದಿಲ್ಲ.

ಸತ್ತ ಮಂಗವನ್ನು ಕಂಡರೆ ಮುಟ್ಟಬೇಡಿ, ನೀವೇ ಹೂಳಬೇಡಿ, ಹತ್ತಿರ ನಿಂತು ನೋಡುತ್ತಲೂ ಇರಬೇಡಿ. ಆಶಾ ಕಾರ್ಯಕರ್ತೆಗೋ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ, ಅರಣ್ಯ ಇಲಾಖೆಯ ಸಿಬ್ಬಂದಿಗೋ ಅದೇ ದಿನ ತಿಳಿಸಿ. ಯಾವ ಬೆಟ್ಟ, ಯಾವ ಮರದ ಬುಡ, ಮುಸಿಯವೋ ಮಂಗವೋ, ಮೊದಲು ಕಂಡದ್ದು ಎಷ್ಟು ಹೊತ್ತಿಗೆ ಎಂಬುದನ್ನು ಹೇಳಿ. ದಾರಿ ತಪ್ಪದಂತೆ ಕಾಲುದಾರಿಯ ಬದಿಯ ಮರಕ್ಕೊಂದು ಬಟ್ಟೆ ಕಟ್ಟಿಟ್ಟು ಬಂದರೆ ಅವರಿಗೆ ಅನುಕೂಲ.