ಡೇಟಾ, ಮಾಹಿತಿ, ತಿಳಿವಳಿಕೆ: ಎಲ್ಲಾ ಒಂದೇನಾ?

ಪ್ರಶ್ನೆ: ನಮಸ್ಕಾರ. ಮಗಳು ಬಿಸಿಎ ಓದುತ್ತಿದ್ದಾಳೆ. ಡೇಟಾ ಬೇರೆ, ಇನ್ಫರ್ಮೇಶನ್ ಬೇರೆ, ನಾಲೆಜ್ ಬೇರೆ ಅಂತ ಕಾಲೇಜಿನಲ್ಲಿ ಪಾಠ ಆಗಿದೆಯಂತೆ. ನನಗಂತೂ ಇದು ಪರೀಕ್ಷೆಗೋಸ್ಕರ ಮಾಡಿಕೊಂಡ ವ್ಯತ್ಯಾಸ ಅನಿಸುತ್ತದೆ. ನಮ್ಮ ಕಡೆ ಎಲ್ಲದಕ್ಕೂ 'ಗೊತ್ತು' ಅಂದರೆ ಮುಗೀತಲ್ವಾ?
(ಅಡಿಕೆ ಬೆಳೆಗಾರರು, ಶಿರಸಿ ತಾಲೂಕು)

ಉತ್ತರ: ನಮಸ್ಕಾರ. ಪರೀಕ್ಷೆಗೆ ಉಪಯೋಗ ಆಗುತ್ತದೆ, ಅದು ಹೌದು. ಆದರೆ ವ್ಯತ್ಯಾಸ ನಿಜವಾಗಿಯೂ ಇದೆ, ಮತ್ತು ನೀವು ಅದನ್ನು ಪ್ರತಿ ಮಳೆಗಾಲ ನೋಡುತ್ತಲೇ ಇದ್ದೀರಿ.

ಒಂದು ಚೀಟಿಯಲ್ಲಿ 142 ಅಂತ ಬರೆದಿದೆ ಅಂದುಕೊಳ್ಳಿ. ಅದರಿಂದ ಏನೂ ಗೊತ್ತಾಗುವುದಿಲ್ಲ. ಬಸ್ ನಂಬರೋ, ತೂಕವೋ, ಯಾರದೋ ಬಾಕಿಯೋ? ಇದು ಡೇಟಾ, ಕನ್ನಡದ ಪುಸ್ತಕಗಳಲ್ಲಿ ದತ್ತಾಂಶ. ಅದೇ ಚೀಟಿಯಲ್ಲಿ 'ಕಾರವಾರ, ನಿನ್ನೆ ಬೆಳಿಗ್ಗೆ 8.30ರಿಂದ ಇವತ್ತು ಬೆಳಿಗ್ಗೆ 8.30ರ ತನಕ, ಮಳೆ 142 ಮಿಲಿಮೀಟರ್' ಅಂತ ಇದ್ದರೆ ಅದು ಮಾಹಿತಿ. ಎಲ್ಲಿ, ಯಾವಾಗ, ಏನು, ಎಷ್ಟು ಅನ್ನುವ ಪ್ರಶ್ನೆಗಳಿಗೆ ಉತ್ತರ ಸಿಕ್ಕಿತು. ಹವಾಮಾನ ಇಲಾಖೆ 24 ಗಂಟೆಯಲ್ಲಿ 115.6ರಿಂದ 204.4 ಮಿಲಿಮೀಟರ್ ಸುರಿದರೆ 'ಅತಿ ಭಾರಿ ಮಳೆ' ಅನ್ನುತ್ತದೆ, ಹಾಗಾಗಿ 142 ಯಾವ ಸಾಲಿಗೆ ಸೇರುತ್ತದೆ ಅನ್ನುವುದನ್ನೂ ಹೇಳಬಹುದು. ಅದೂ ಮಾಹಿತಿಯೇ.

ತಿಳಿವಳಿಕೆಗೆ ಬಂದಾಗ ವಿಷಯ ಸ್ವಲ್ಪ ಜಟಿಲ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವನ್ನೇ ತೆಗೆದುಕೊಳ್ಳಿ. ಶೇಕಡಾ 1ರ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್) 50 ಲೀಟರ್ ನೀರಿಗೆ, ಒಂದು ಕಿಲೋ ಸುಣ್ಣ ಇನ್ನೊಂದು 50 ಲೀಟರ್ ನೀರಿಗೆ, ಆಮೇಲೆ ಎರಡನ್ನೂ ಸೇರಿಸುವುದು. ಮಳೆ ಹಿಡಿಯುವ ಮೊದಲು ಒಂದು ಸಲ, 40-45 ದಿನ ಬಿಟ್ಟು ಮತ್ತೊಂದು ಸಲ. ಇದನ್ನು ನಾನು ಇಲ್ಲಿ ಬರೆದೆ, ನೀವು ಓದಿದಿರಿ, ತೋಟವನ್ನೇ ನೋಡದ ಬೆಂಗಳೂರಿನವರೊಬ್ಬರೂ ಓದಿದರು. ಮೂವರ ಹತ್ತಿರವೂ ಈಗ ಒಂದೇ ಮಾಹಿತಿ ಇದೆ.

ಆದರೆ ಕೊಟ್ಟಿಗೆಯ ಮೂಲೆಯಲ್ಲಿರುವ ಸುಣ್ಣ ಹೋದ ವರ್ಷದ್ದು, ಗಾಳಿಗೆ ಸಿಕ್ಕಿ ಸತ್ವ ಕಳೆದುಕೊಂಡಿದೆ. ಈಗ ಒಂದಕ್ಕೆ ಒಂದು ಅನ್ನುವ ಲೆಕ್ಕ ಅಕ್ಷರಶಃ ಪಾಲಿಸಿದರೂ ದ್ರಾವಣ ಕೆಡುತ್ತದೆ. ಬೆಂಗಳೂರಿನವರು ಒಂದು ಕಿಲೋ ತೂಗಿ ಹಾಕಿ ಸುಮ್ಮನಾಗುತ್ತಾರೆ. ನೀವು ಏನು ಮಾಡುತ್ತೀರಿ? ಉಜ್ಜಿ ತೊಳೆದ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದು ನೋಡುತ್ತೀರಿ. ಅಲಗಿನ ಮೇಲೆ ಕೆಂಪು ಕೂತರೆ ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ, ಸುಣ್ಣ ಸಾಲಲಿಲ್ಲ, ಹಾಗೇ ಹೊಡೆದರೆ ಎಳೆ ಕಾಯಿ ಸುಡುತ್ತದೆ ಅಂತ ಅರ್ಥ. ಇನ್ನಷ್ಟು ಸುಣ್ಣದ ನೀರು ಹಾಕುತ್ತೀರಿ, ಮತ್ತೆ ಅದ್ದಿ ನೋಡುತ್ತೀರಿ. ಮಾಹಿತಿ ಸರಿಯಿದ್ದೂ ಕೆಲಸ ಕೆಡುವ ಜಾಗ ಯಾವುದು, ಅಲ್ಲಿ ಏನು ಮಾಡಬೇಕು, ಯಾಕೆ ಮಾಡಬೇಕು ಅಂತ ಬಲ್ಲವರಿಗೆ ಇರುವುದೇ ತಿಳಿವಳಿಕೆ. ಚಾಕುವಿನ ವಿಷಯವೂ ಈಗ ಬರೆದ ಮೇಲೆ ಮಾಹಿತಿ ಆಗಿಹೋಯಿತಲ್ಲ ಅಂತ ನೀವು ಕೇಳಬಹುದು. ಹೌದು, ಆಯಿತು. ಮಾಹಿತಿಯನ್ನು ಕೈಯಿಂದ ಕೈಗೆ ದಾಟಿಸಬಹುದು. ತಿಳಿವಳಿಕೆಯನ್ನು ಹಾಗೆ ದಾಟಿಸಲು ಬರುವುದಿಲ್ಲ, ಪ್ರತಿಯೊಬ್ಬರೂ ಮಾಡಿ ನೋಡಿಯೇ ಸಂಪಾದಿಸಬೇಕು. ನನ್ನ ಪ್ರಕಾರ ಮುಖ್ಯ ವ್ಯತ್ಯಾಸ ಇದೊಂದೇ.

ಇನ್ನು 'ಗೊತ್ತು' ಒಂದೇ ಸಾಕು ಅಂದಿರಿ. ಆದರೆ ಮಾತನಾಡುವಾಗ ನೀವೇ ಹಾಗೆ ಮಾಡುವುದಿಲ್ಲ. ಅಡಿಕೆ ಕೊನೆ ಇಳಿಸುವ ಕೊನೆಗೌಡನ ಫೋನ್ ನಂಬರ್ 'ಗೊತ್ತು' ಅನ್ನುತ್ತೀರಿ, ನಂಬರನ್ನು 'ಅರಿತಿದ್ದೇನೆ' ಅಂದರೆ ಮನೆಯವರು ನಗುತ್ತಾರೆ. ಅವನು ಎಂಥ ಮರವನ್ನಾದರೂ 'ಹತ್ತಬಲ್ಲ', ಅದು ಫೋನ್ ನಂಬರಿನ ಥರದ ಗೊತ್ತಿರುವಿಕೆ ಅಲ್ಲ. ಕಾಲೇಜಿನ ಪಾಠ ಬರುವುದಕ್ಕೆ ಎಷ್ಟೋ ಮೊದಲೇ ಆಡುಮಾತು ಇವನ್ನು ಬೇರೆ ಮಾಡಿಟ್ಟಿದೆ.

ಮಗಳ ಪುಸ್ತಕದಲ್ಲಿ ಒಂದು ಪಿರಮಿಡ್ ಚಿತ್ರ ಇರಬಹುದು: ತಳದಲ್ಲಿ ಡೇಟಾ, ಅದರ ಮೇಲೆ ಮಾಹಿತಿ, ಆಮೇಲೆ ಜ್ಞಾನ, ತುದಿಯಲ್ಲಿ ವಿವೇಕ. ಇದರ ಜತೆ ಸಾಮಾನ್ಯವಾಗಿ ರಸೆಲ್ ಅಕಾಫ್ ಹೆಸರು ಬರುತ್ತದೆ, 1989ರ ಅವರ ಲೇಖನದಿಂದ. ಪರೀಕ್ಷೆಯಲ್ಲಿ ಚಿತ್ರ ಬರೆಯಲಿ, ಅಂಕ ಸಿಗುತ್ತದೆ. ಆದರೆ ಪೂರ್ತಿ ನಂಬುವುದು ಬೇಡ. ಡೇಟಾ ರಾಶಿ ಹಾಕುತ್ತಾ ಹೋದರೆ ತಾನಾಗಿ ಜ್ಞಾನ ಆಗುತ್ತದೆ ಅನ್ನುವ ಭಾವನೆ ಆ ಚಿತ್ರದಿಂದ ಬರುತ್ತದೆ. ಆಗುವುದು ಎಷ್ಟೋ ಸಲ ತಿರುಗಾಮುರುಗ. ಮಳೆ ಅಳೆಯಬೇಕು, ದಿನಾ ಒಂದೇ ಹೊತ್ತಿಗೆ ಅಳೆಯಬೇಕು, ಮಾಪಕವನ್ನು ಮರದ ಕೆಳಗೆ ಇಡಬಾರದು ಅಂತ ಮೊದಲೇ ತಿಳಿದವರು ಇದ್ದಿದ್ದಕ್ಕೇ ಆ 142 ಹುಟ್ಟಿತು.

ಪ್ರಶ್ನೆ: ನಮ್ಮೂರ ರಸ್ತೆ ಕೆಲಸ ಅರ್ಧಕ್ಕೆ ನಿಂತಿದೆ. ಯಾಕೆ ನಿಂತಿತು, ಇದು ಯಾರ ತಪ್ಪು, ಈಗ ಏನು ಮಾಡಬೇಕು ಅಂತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. 'ತಾವು ಕೇಳಿರುವುದು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ' ಅಂತ ಹಿಂಬರಹ ಬಂದಿದೆ. ಇದು ಮಾಹಿತಿ ಅಲ್ಲದಿದ್ದರೆ ಮತ್ತೇನು?
(ಓದುಗರು, ಕಾರವಾರ)

ಉತ್ತರ: ಸಿಟ್ಟು ಬರುವುದು ಸಹಜ. ಆದರೆ ನೀವು ಕೇಳಿದ್ದು ವಿವರಣೆ, ತೀರ್ಪು ಮತ್ತು ಸಲಹೆ. 2005ರ ಮಾಹಿತಿ ಹಕ್ಕು ಕಾಯ್ದೆಯ 2(ಎಫ್) ಕಲಮಿನಲ್ಲಿ ಮಾಹಿತಿ ಅಂದರೆ ಯಾವುದೇ ರೂಪದಲ್ಲಿರುವ ಸಾಮಗ್ರಿ: ದಾಖಲೆ, ಕಡತ, ಇ-ಮೇಲ್, ಸುತ್ತೋಲೆ, ಆದೇಶ, ಗುತ್ತಿಗೆ ಪತ್ರ, ವರದಿ, ಮಾದರಿ, ಕಂಪ್ಯೂಟರಿನಲ್ಲಿರುವ ಡೇಟಾ. ಅಭಿಪ್ರಾಯ, ಸಲಹೆ ಕೂಡ ಆ ಪಟ್ಟಿಯಲ್ಲಿವೆ, ಜನ ಎಡವುವುದು ಇಲ್ಲೇ. ಕಡತದಲ್ಲಿ ಈಗಾಗಲೇ ಬರೆದಿಟ್ಟ ಅಭಿಪ್ರಾಯ ಸಿಗುತ್ತದೆ, ನಿಮಗಾಗಿ ಹೊಸದಾಗಿ ಅಭಿಪ್ರಾಯ ಬರೆದು ಕೊಡಬೇಕಾಗಿಲ್ಲ. ಇಲ್ಲದ ಮಾಹಿತಿಯನ್ನು ಸೃಷ್ಟಿಸಿ ಕೊಡುವ ಹೊಣೆ ಕಚೇರಿಗೆ ಇಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲಿ, ಸಿಬಿಎಸ್ಇ ಉತ್ತರ ಪತ್ರಿಕೆಯ ಪ್ರಕರಣದಲ್ಲಿ, ಸ್ಪಷ್ಟವಾಗಿ ಹೇಳಿದೆ. ಅಂದರೆ ಮೇಲಿನ ಉತ್ತರದ ಮಾತೇ ಇಲ್ಲೂ: ಕೈಗೆ ಕೊಡಲು ಬರುವಂಥದ್ದನ್ನು ಕೇಳಿ, ಅರ್ಥ ಮಾಡಿಕೊಳ್ಳುವ ಕೆಲಸ ನಿಮ್ಮದು.

ಹಾಗಾಗಿ 'ಯಾಕೆ' ಬಿಡಿ. ಹೊಸ ಅರ್ಜಿಯಲ್ಲಿ ಆ ಕಾಮಗಾರಿಯ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಸಂಬಂಧಪಟ್ಟ ಪುಟಗಳು, ಪಾವತಿಯಾದ ಬಿಲ್ಲುಗಳು ಮತ್ತು ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿ ಕೊಡಿ ಅಂತ ಬರೆಯಿರಿ. ನಿಮ್ಮ 'ಯಾಕೆ'ಗೆ ಉತ್ತರ ಇದ್ದರೆ ಟಿಪ್ಪಣಿ ಹಾಳೆಯಲ್ಲೇ ಇರುತ್ತದೆ, ಯಾರು ಯಾವ ದಿನ ಏನು ಬರೆದು ಮುಂದಕ್ಕೆ ಕಳಿಸಿದರು ಅಂತ ಅಲ್ಲಿ ಸಾಲು ಸಾಲಾಗಿ ಕಾಣುತ್ತದೆ. ಅಳತೆ ಪುಸ್ತಕದಲ್ಲಿ ಎಷ್ಟು ಮೀಟರ್ ಬರೆದಿದ್ದಾರೆ ನೋಡಿ, ಆಮೇಲೆ ಟೇಪು ಹಿಡಿದು ರಸ್ತೆ ಅಳೆಯಿರಿ! ಕಾಮಗಾರಿಯ ಸ್ಥಳ ಪರಿಶೀಲನೆ ಮಾಡುವ, ಸಾಮಗ್ರಿಯ ಮಾದರಿ ಪಡೆಯುವ ಹಕ್ಕೂ ಕಾಯ್ದೆಯಲ್ಲಿದೆ, ಜನ ಬಳಸುವುದು ಕಡಿಮೆ.

ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ ಮೇಲೆ, 150 ಪದದೊಳಗೆ ಇರಬೇಕು. ಶುಲ್ಕ 10 ರೂಪಾಯಿ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಅಥವಾ ಬಂದದ್ದು ಸರಿಯಿಲ್ಲದಿದ್ದರೆ, ಅಲ್ಲಿಂದ 30 ದಿನದೊಳಗೆ ಪ್ರಥಮ ಮೇಲ್ಮನವಿ. ಇನ್ನೊಂದು ಮಾತು. ಕಚೇರಿಯ ತೀರ್ಮಾನದಿಂದ ನಿಮಗೇ ನೇರವಾಗಿ ತೊಂದರೆಯಾಗಿದ್ದರೆ, ಕಾರಣ ತಿಳಿಸುವುದು ಕಚೇರಿಯ ಕರ್ತವ್ಯ ಅಂತ 4(1)(ಡಿ) ಹೇಳುತ್ತದೆ. ರಸ್ತೆಗೆ ನಿಮ್ಮ ಜಾಗ ಹೋಗಿದ್ದರೆ ಈ ಕಲಮನ್ನು ಅರ್ಜಿಯಲ್ಲಿ ಹೆಸರಿಸಿ.

ಪ್ರಶ್ನೆ: ಮಾಹಿತಿಯನ್ನು ಬಿಟ್‌ಗಳಲ್ಲಿ ಅಳೆಯುತ್ತಾರೆ ಅಂತ ಓದಿದೆ. ಮಾತಿನ ಅರ್ಥವನ್ನು ಅಳೆಯಲು ಹೇಗೆ ಸಾಧ್ಯ?
(ಪಿಯುಸಿ ವಿದ್ಯಾರ್ಥಿನಿ, ಅಂಕೋಲಾ)

ಉತ್ತರ: ಅರ್ಥವನ್ನು ಅಳೆಯುವುದೇ ಇಲ್ಲಮ್ಮಾ. 1948ರಲ್ಲಿ ಕ್ಲಾಡ್ ಶಾನನ್ ಈ ಲೆಕ್ಕ ಕೊಟ್ಟಾಗ ಅರ್ಥವನ್ನು ಬೇಕಂತಲೇ ಹೊರಗಿಟ್ಟರು. ಅವರು ಟೆಲಿಫೋನ್ ಕಂಪನಿಯ ಪ್ರಯೋಗಾಲಯದಲ್ಲಿದ್ದವರು. ತಂತಿಯ ಮೇಲೆ ಹೋಗುವುದು ಪ್ರೇಮಪತ್ರವೋ ಮೀನಿನ ರೇಟೋ, ಅದು ತಂತಿಗೆ ಬೇಕಾಗಿಲ್ಲ. ಅವರು ಅಳೆದದ್ದು, ಸಂದೇಶ ಬಂದಾಗ ನಿನ್ನ ಅನುಮಾನ ಎಷ್ಟು ಕಡಿಮೆಯಾಯಿತು ಅನ್ನುವುದನ್ನು.

ಬೈತಖೋಲ್ ಬಂದರಿನಲ್ಲಿ ಎಂಟು ಬೋಟುಗಳು ನಿಂತಿವೆ ಅಂದುಕೋ. ಅದರಲ್ಲಿ ಒಂದರಲ್ಲಿ ನಿನ್ನ ಮಾವ ಇದ್ದಾರೆ, ಯಾವುದರಲ್ಲಿ ಅಂತ ಸುಳಿವೇ ಇಲ್ಲ. ಹೌದು-ಅಲ್ಲ ಅನ್ನುವ ಉತ್ತರ ಬರುವ ಪ್ರಶ್ನೆ ಮಾತ್ರ ಕೇಳಬಹುದು. ಎಡಗಡೆಯ ನಾಲ್ಕರಲ್ಲಾ? ಅಲ್ಲ. ಉಳಿದ ನಾಲ್ಕರಲ್ಲಿ ಮೊದಲ ಎರಡರಲ್ಲಾ? ಹೌದು. ಆ ಎರಡರಲ್ಲಿ ಮೊದಲನೆಯದರಲ್ಲಾ? ಹೌದು. ಮೂರು ಪ್ರಶ್ನೆಗೆ ಬೋಟು ಸಿಕ್ಕಿತು. ಅನುಮಾನವನ್ನು ಅರ್ಧಕ್ಕೆ ಇಳಿಸುವ ಇಂಥ ಒಂದು ಹೌದು-ಅಲ್ಲ ಉತ್ತರವೇ ಒಂದು ಬಿಟ್. ಹಾಗಾಗಿ 'ಮಾವ ಐದನೇ ಬೋಟಿನಲ್ಲಿದ್ದಾರೆ' ಅನ್ನುವ ಸಂದೇಶದಲ್ಲಿ 3 ಬಿಟ್ ಮಾಹಿತಿ ಇದೆ. ಇರುವುದೇ ಒಂದು ಬೋಟು ಆಗಿದ್ದರೆ ಅದೇ ಥರದ ಸಂದೇಶದಲ್ಲಿ ಸೊನ್ನೆ ಬಿಟ್. ಜುಲೈ ತಿಂಗಳಲ್ಲಿ ಅಂಕೋಲೆಯಲ್ಲಿ 'ನಾಳೆ ಮಳೆ' ಅಂತ ಯಾರಾದರೂ ಹೇಳಿದರೆ ಹೆಚ್ಚುಕಡಿಮೆ ಸೊನ್ನೆ, ಫೆಬ್ರವರಿಯಲ್ಲಿ ಅದೇ ಮಾತು ಹೇಳಿದರೆ ಬಿಟ್ ಜಾಸ್ತಿ. ಮಾತು ನಿಜವೋ ಸುಳ್ಳೋ ಅನ್ನುವುದು ಈ ಲೆಕ್ಕದಲ್ಲಿ ಬರುವುದೇ ಇಲ್ಲ, ಅದನ್ನು ಬೇರೆ ಕಡೆ ಕೇಳಿ ನೋಡಿಕೊಳ್ಳಬೇಕು.